ಮೇಲಿನ ತೂಬು

ಮೂರನೇ ಗದ್ದೆಗೆ ನೀರು ಮುಟ್ಟಿಸಲಾಗದೆ ಗುರುಸ್ವಾಮಿ ಮತ್ತೆ ಸೋತ. ಫೋನಿನಲ್ಲಿದ್ದದ್ದು ಜಯಶ್ರೀ ತಾನೇ ಮಾಡಿದ ಒಗಟಿನ ಗೇಮು. ಕಾಲುವೆಯ ನೀರು ನಿಲ್ಲುವುದರೊಳಗೆ ಮೂರೂ ಗದ್ದೆಗಳು ನೆನೆಯಬೇಕು. ಅವನು ಪ್ರತಿ ಸಲವೂ ಮೇಲಿನ ಗದ್ದೆಯ ತೂಬನ್ನೇ ಮೊದಲು ತೆರೆಯುತ್ತಿದ್ದ.

"ಲೇ ಜಯಶ್ರೀ, ಇದು ಗೆಲ್ಲಾಕ ಆಗಂಗಿಲ್ಲ. ನಿನ್ನ ಗೇಮಿನಾಗ ತಪ್ಪೈತಿ."

"ನಮ್ಮವ್ವ ಒಂದೇ ಸಲಕ್ಕ ಗೆದ್ದಾಳ."

ಪೇಟೆಯ ಕಂಟೋನ್ಮೆಂಟಿನ ಚಹಾದಂಗಡಿಯಲ್ಲಿ ಸುತ್ತ ಕುಳಿತ ಗೆಳೆಯರು ನಕ್ಕರು. ಗುರುಸ್ವಾಮಿ, ಜಯಶ್ರೀ ಇಬ್ಬರ ಊರಾದ ಹಚ್ಚೊಳ್ಳಿಯಲ್ಲಿ ಅವನ ಗದ್ದೆ ಕಾಲುವೆಯ ಮೇಲ್ಭಾಗದಲ್ಲಿತ್ತು, ಅವಳ ಅವ್ವ ಹೊನ್ನೂರಮ್ಮನದು ಕೊನೆಯಲ್ಲಿ. ಕಳೆದ ಬೆಳೆಯಲ್ಲಿ ಅವ್ವನ ಭತ್ತ ತೆನೆ ಬರುವ ಹೊತ್ತಿಗೆ ನೀರಿಲ್ಲದೆ ಒಣಗಿಹೋಗಿತ್ತು.

ಗುರುಸ್ವಾಮಿ ಸುಳಿವಿನ ಗುಂಡಿ ಒತ್ತಿದ. ಪರದೆಯ ಮೇಲೆ ಮೂಡಿದ ಸಾಲನ್ನು ಪಕ್ಕದವನೊಬ್ಬ ಜೋರಾಗಿ ಓದಿದ: "ಮೊದ್ಲು ನಮ್ದು ತುಂಬ್ಲಿ, ತಡಿಯಬೇ." ಓದಿ, "ಇದ್ಯಾರ ಮಾತಲೇ?" ಎಂದ.

ಕಳೆದ ಬೆಳೆಯಲ್ಲಿ ನೀರು ಕೇಳಲು ಬಂದಾಗ, ತೂಬಿನ ಮೇಲೆ ಕಾಲಿಟ್ಟು ನಿಂತು ಹೊನ್ನೂರಮ್ಮನಿಗೆ ಗುರುಸ್ವಾಮಿ ಹೇಳಿದ್ದ ಮಾತು ಅದು. ಜಯಶ್ರೀ ಚಹಾ ಕುಡಿಯುತ್ತ ಅವನ ಹೆಬ್ಬೆರಳನ್ನೇ ನೋಡುತ್ತಿದ್ದಳು. ಅದು ಬಹಳ ಹೊತ್ತು ತಡೆದು, ಮೇಲಿನ ತೂಬನ್ನು ಮುಚ್ಚಿತು. ನೀರು ಕೊನೆಯ ಗದ್ದೆಗೆ ಹರಿಯಿತು, ಆಮೇಲೆ ಉಳಿದೆರಡಕ್ಕೂ ಸಾಕಾಯಿತು.

ಅವನು ಫೋನನ್ನು ಅವಳತ್ತ ಚಾಚಿದ. ಅವಳು ತೆಗೆದುಕೊಳ್ಳಲಿಲ್ಲ.

"ಮತ್ತೊಮ್ಮೆ ಆಡು," ಎಂದಳು.