ಹಳದಿ ಕವರು

ಅಂಗಡಿಯವರು ಪ್ಲಾಸ್ಟಿಕ್ ಕವರು ಬಿಡಿಸುವ ಸದ್ದಿಗೆ ನನಗೆ ಈಗಲೂ ಬಡವನಹಳ್ಳಿಯ ಆ ಮಧ್ಯಾಹ್ನ ನೆನಪಾಗುತ್ತದೆ.

ಮೇವು ಬಿಟ್ಟಿದ್ದ ನಮ್ಮ ಹಸು ಗೌರಿಯ ಹೊಟ್ಟೆ ಕೊಯ್ದು, ದನದ ಡಾಕ್ಟರು ಕವರುಗಳ ಒದ್ದೆ ಉಂಡೆಯೊಂದನ್ನು ಹೊರಗೆಳೆದರು. ಅಜ್ಜಿ ಅದರೊಳಗಿಂದ ಒಂದು ಹಳದಿ ಕವರನ್ನು ಬಿಡಿಸಿ ನೋಡಿದಳು. ಅದು ನಾವು ಬೆಲ್ಲ ತರುತ್ತಿದ್ದ ಅಂಗಡಿಯದು.

"ಬೆಲ್ಲದ ವಾಸ್ನೆಗೆ ತಿಂದೈತೆ," ಎಂದಳು ನನ್ನತ್ತ ತಿರುಗಿ. "ತಿಪ್ಪೆಗೆ ಎಸ್ದೋಳು ನಾನೇ ಕಣಮ್ಮ."

ಸಂಜೆಯ ಹೊತ್ತಿಗೆ ಗೌರಿ ಸತ್ತುಹೋಯಿತು.

ಮುಂದಿನ ಸಂತೆಯ ದಿನ ಆ ಅಂಗಡಿಯವನು ಬೆಲ್ಲ ತೂಗಿ, ಎಂದಿನಂತೆ ಕವರಿಗೆ ಕೈಹಾಕಿದ. ಅಜ್ಜಿ ಸೆರಗು ಚಾಚಿದಳು.

"ಇದ್ಕೇ ಹಾಕಪ್ಪ."

"ಸೀರೆಯೆಲ್ಲ ಅಂಟಾಯ್ತದೆ ಕಣಜ್ಜಿ," ಎಂದ ಅವನು.

ಅಜ್ಜಿ ಸೆರಗನ್ನು ಹಿಂದಕ್ಕೆ ತೆಗೆದುಕೊಳ್ಳಲಿಲ್ಲ.

"ಆಗ್ಲಿ ಬುಡಪ್ಪ. ಸೀರೆನಾದ್ರೆ ಒಗ್ಕೋಬೌದು."