ಕೋಟೆ ಇಳಿದು ಬಂದವನು

ಗಂಡ ತೀರಿಕೊಂಡ ಮೇಲೆ ಅವಳು ಮನೆಗೆ ಬೀಗ ಹಾಕಿ ಹೊರಟದ್ದು ಅದೇ ಮೊದಲು. ಮೈದುನ ಕಾರು ತಂದಿದ್ದ.

“ಎಷ್ಟು ದಿನಾಂತ ಈ ಗೋಡೆ ಕಾಯ್ಕೊಂಡು ಕೂತಿರ್ತೀರಿ ಅತ್ತಿಗೆ? ಒಂದಿನ ಬೆಟ್ಟ ನೋಡ್ಕೊಂಡು ಬರೋಣ.”

ಅವನ ಹೆಂಡತಿ ಮಾತ್ರ ತಲೆನೋವೆಂದು ಬರಲಿಲ್ಲ. ಇವಳು ಬೀಗದ ಕೈಯನ್ನು ಸೆರಗಿನ ತುದಿಗೆ ಗಂಟು ಹಾಕಿಕೊಂಡು ಕಾರು ಹತ್ತಿದಳು.

ಬೆಟ್ಟದ ತುದಿಯ ಹಳೇ ಕೋಟೆಯಲ್ಲಿ ನಿಂತಾಗ ಮೋಡ ಕಾಲ ಕೆಳಗಿತ್ತು.

“ಎಷ್ಟು ಸಲ ಮುತ್ತಿಗೆ ಹಾಕಿದ್ರೂ ಈ ಕೋಟೆ ಬೀಳಲಿಲ್ವಂತೆ,” ಅಂದ ಮೈದುನ. “ಕೊನೆಗೆ ದಾಯಾದಿಗಳು ಪಾಳೇಗಾರನ್ನ ಮದುವೆ ಊಟಕ್ಕೆ ಕರೆದ್ರಂತೆ. ಅವನು ಕೆಳಗಿಳಿದು ಹೋಗಿ, ಉಂಡು ಕೈ ತೊಳೆಯೋ ಹೊತ್ತಿಗೆ ಕೋಟೆ ಬಾಗಿಲಲ್ಲಿ ಬೇರೆಯವರ ಕಾವಲು.”

“ಇಂಥಾ ಕೋಟೆ ಬಿಟ್ಟು ಊಟಕ್ಕೆ ಹೋದನಲ್ಲ, ಪೆದ್ದ!” ಬಹಳ ದಿನಗಳ ಮೇಲೆ ಅವಳು ಮನಸಾರೆ ನಕ್ಕಳು.

“ಕರೆದೋರು ಸ್ವಂತದೋರಲ್ವಾ ಅತ್ತಿಗೆ? ಹೆಂಗೆ ಬರಲ್ಲ ಅಂತಾನೆ?”

ಸಂಜೆ ಕಾರು ಅವಳ ಮನೆ ಮುಂದೆ ನಿಂತಿತು. ಬೀಗ ಹಾಕಿದ್ದ ಬಾಗಿಲು ಹಾರುಹೊಡೆದಿತ್ತು. ಮೇಲೆ ಹಸಿ ಮಾವಿನ ತೋರಣ. ಅವಳ ಟ್ರಂಕು ಜಗಲಿಯ ಮೇಲಿತ್ತು. ಮೈದುನ ಸ್ಟಿಯರಿಂಗ್ ಹಿಡಿದು ಕೂತೇ ಇದ್ದ.

ಒಳಗಿನಿಂದ ಓರಗಿತ್ತಿ ಕೈ ಒರೆಸಿಕೊಳ್ಳುತ್ತಾ ಬಂದಳು.

“ಬನ್ನಿ ಅಕ್ಕ, ಈಗಷ್ಟೇ ಹಾಲುಕ್ಕಿಸಿದ್ವಿ. ಊಟ ಮಾಡ್ಕೊಂಡು ಹೋಗಿ.”