ನೆಲಮಾಳಿಗೆಯ ಸೆಕೆ

"ಹೋಯ್ತು!" ಎಂದರು ಮೇಷ್ಟ್ರು.

ಎಲೆಯ ಹಿಂಬದಿಯಲ್ಲಿ ಹುಳು ಹುಡುಕುತ್ತಿದ್ದ ಕೈ ಅಲ್ಲೇ ನಿಂತಿತು. ಈಗಷ್ಟೇ ಕಣ್ಣೆದುರಿಗಿದ್ದ ಆರ್ಕಿಡ್ ಗಿಡ ಬೆರಳಿಗೆ ಸಿಗುತ್ತಿದೆ, ಕಾಣುತ್ತಿಲ್ಲ. ಗಿಡ ಹಾಗಿರಲಿ, ಬೆರಳೇ ಕಾಣುತ್ತಿಲ್ಲ. ಹೊರಗೆ ಮಟಮಟ ಮಧ್ಯಾಹ್ನ. ಆದರೆ ಈ ನೆಲಮಾಳಿಗೆಗೆ ಮಧ್ಯಾಹ್ನವಾದರೇನು, ಅಮಾವಾಸ್ಯೆಯಾದರೇನು? ಹೊರಗಿನ ಬೆಳಕು ಇಣುಕದ ಹಾಗೆ ಒಂದೊಂದು ಬಿರುಕಿಗೂ ಅವರೇ ಕೈಯಾರೆ ಕಪ್ಪು ಟೇಪು ಅಂಟಿಸಿದ್ದರು. ತಮ್ಮ ಗಿಡಗಳಿಗೆ ಹಗಲು ಯಾವಾಗ, ರಾತ್ರಿ ಯಾವಾಗ ಎಂದು ಸೂರ್ಯ ಹೇಳಬಾರದು, ತಾವು ಹೇಳಬೇಕು. ಅಂಥ ಹಟದ ಮನುಷ್ಯ. ಪಾಠ ಹೇಳುವುದನ್ನು ಬಿಟ್ಟ ಮೇಲೆ ಆ ಹಟವೆಲ್ಲ ಗಿಡಗಳ ಮೇಲೆ ತಿರುಗಿತ್ತು.

ದೀಪ ಮಿಣುಕುತ್ತಿದೆ, ಮಂಕಾಗುತ್ತಿದೆ ಎಂದು ಬೆಳಗ್ಗೆಯಿಂದ ಬಡಕೊಂಡಿದ್ದರು, ಪುಣ್ಯಾತ್ಮರು. ಎಲೆಕ್ಟ್ರಿಷಿಯನ್ ಬಂದ. ಬಲ್ಬು ನೋಡಿದ, ತಂತಿ ನೋಡಿದ, ಫ್ಯೂಸು ನೋಡಿದ.

"ಎಲ್ಲಾ ಸರಿಯಾಗೇ ಇದೆ ಸಾರ್."

"ಈಗ ತಾನೇ ಮಿಣುಕ್ತಲ್ಲಪ್ಪಾ! ನೋಡ್ಲಿಲ್ವಾ?"

ಅವನು ಮೇಷ್ಟ್ರ ಹೆಂಡತಿಯತ್ತ ತಿರುಗಿದ. ಆಕೆ ಇಲ್ಲ ಎನ್ನುವಂತೆ ತಲೆಯಾಡಿಸಿದರು. "ನನಗೂ ಏನೂ ಕಾಣ್ಲಿಲ್ಲ. ತಲೆನೋವು ಅಂತಿದ್ರಲ್ಲ, ಊಟ ಮಾಡಿ ಸ್ವಲ್ಪ ಮಲಗಿ ಬನ್ನಿ. ನನ್ನ ಈ ಸವತಿ ಗಿಡಗಳೇನೂ ಓಡಿಹೋಗಲ್ಲ."

"ನಿಮ್ಮಿಬ್ಬರಿಗೂ ಕಣ್ಣಿಲ್ಲ, ಹೋಗಿ" ಎಂದು ರೇಗಿದ್ದರು ಮೇಷ್ಟ್ರು. ಎಲೆಕ್ಟ್ರಿಷಿಯನ್ ಚೀಲ ಎತ್ತಿಕೊಂಡು ಹೊರಟ. ಹೆಂಡತಿ ಮೇಲೆ ಹೋಗಿ ಮಲಗಿದರು. ಈಗ ನೋಡಿ, ಯಾರ ಮಾತು ನಿಜವಾಯಿತು?

ಸರಿ, ಹೋದರೆ ಹೋಗಲಿ. ದೀಪ ಹೋದಾಗ ಏನಾಗಬೇಕೆಂದು ಮೇಷ್ಟ್ರಿಗೆ ಗೊತ್ತಿತ್ತು. ಹಳೇ ಕಾಲದ ದೊಡ್ಡ ದೊಡ್ಡ ಬಲ್ಬುಗಳು, ಒಂದೊಂದೂ ಉರಿಯುವ ಒಲೆ. ಅವು ಆರಿದರೆ, ಫ್ಯಾನು ತಿರುಗುತ್ತಿದ್ದರೆ, ಸ್ವಲ್ಪ ಹೊತ್ತಿಗೇ ಕೋಣೆ ತಣ್ಣಗಾಗಲು ಶುರುವಾಗುತ್ತದೆ. ಮೊದಲು ಕತ್ತಿನ ಹಿಂದೆ ಗೊತ್ತಾಗುತ್ತದೆ. ತಿರುಗುತ್ತಲೇ ಇದ್ದ ಫ್ಯಾನಿನ ಗಾಳಿಯಲ್ಲಿ ಅವರು ಕಾದರು. ಕತ್ತಿನಿಂದ ಬೆವರು ಇಳಿಯಿತೇ ಹೊರತು ಸೆಕೆ ಇಳಿಯಲಿಲ್ಲ.

ತಲೆಯ ಮೇಲೆ ಗುಯ್ ಎನ್ನುವ ಸದ್ದು ಬೇರೆ.

ಸತ್ತ ದೀಪದಲ್ಲಿ ಸದ್ದೆಲ್ಲಿಂದ ಬಂತು? ಆರಿದ ದೀಪಕ್ಕೆ ಸೆಕೆಯೆಲ್ಲಿಂದ? ತಂತಿ! ಎಲ್ಲೋ ತಂತಿಗೆ ತಂತಿ ತಗುಲಿದೆ. ಮೇಲಿನ ಹಲಗೆಯೊಳಗೆ ಬೆಂಕಿ ಹತ್ತಿಕೊಂಡಿದೆ. ಆ ಹಲಗೆಯ ಮೇಲಿರುವುದೇ ಮಲಗುವ ಕೋಣೆ. ಅಲ್ಲಿ ಹೆಂಡತಿ ನಿದ್ದೆ ಮಾಡುತ್ತಿದ್ದಾಳೆ.

"ದೇವರೇ, ಅವಳೊಬ್ಬಳು ಉಳಿದುಕೊಳ್ಳಲಿ!"

ಬೆಂಕಿಗೆ ಗಾಳಿ ಕೊಡಬಾರದು. ಅಷ್ಟು ಬುದ್ಧಿ ಆಗಲೂ ಕೈಕೊಡಲಿಲ್ಲ. ಗೋಡೆ ತಡವುತ್ತ ಹೋಗಿ ಫ್ಯಾನಿನ ಪ್ಲಗ್ಗು ಕಿತ್ತರು. ಫ್ಯಾನು ನಿಂತಿತು. ಆಗ ಸೆಕೆ ಏರಿತು ನೋಡಿ, ಉಸಿರು ಕಟ್ಟುವಷ್ಟು! ಅಂದರೆ ಬೆಂಕಿ ಬಲಿಯುತ್ತಿದೆ. ಹೊಗೆಯ ವಾಸನೆ ಇರಲಿಲ್ಲ, ಆದರೆ ಮರದೊಳಗಿನ ಬೆಂಕಿಯ ರೀತಿಯೇ ಹಾಗೆ, ಒಳಗೊಳಗೇ ತಿನ್ನುತ್ತದೆ. ಎಲ್ಲಿದೆ ಎಂದು ನೋಡಲು ತುದಿಗಾಲಲ್ಲಿ ನಿಂತು ಕೈ ಎತ್ತಿದರು.

"ಅಯ್ಯಮ್ಮಾ!"

ಬೆರಳ ತುದಿ ಚುರ್ರೆಂದು ಸುಟ್ಟಿತು. ಇಲ್ಲೇ ಇದೆ, ನೆತ್ತಿಯ ಮೇಲೇ ಇದೆ.

ಮೇನ್ ಸ್ವಿಚ್ಚು ಇದ್ದದ್ದು ಮೆಟ್ಟಿಲ ಮೇಲೆ, ಬಾಗಿಲ ಆಚೆ. ನೀರು ಚೆಲ್ಲಾಡುವ ಜಾಗವೆಂದು ತಾವೇ ಹೊರಗೆ ಹಾಕಿಸಿದ್ದರು. ಮೇಷ್ಟ್ರು ನುಗ್ಗಿದರು. ಮೊಣಕಾಲು ಕಬ್ಬಿಣದ ಸ್ಟ್ಯಾಂಡಿಗೆ ಬಡಿಯಿತು, ಕುಂಡಗಳು ದಬದಬ ಉರುಳಿದವು. ಮಕ್ಕಳ ಹಾಗೆ ಸಾಕಿದ ಗಿಡಗಳು. ಮೊಗ್ಗೊಂದು ಕಾಲಡಿಯಲ್ಲಿ ಪಿಚಕ್ಕೆಂದಿತು. ಹಾಳಾಗಿ ಹೋಗಲಿ ಎಂದರು. ಬಾಯಿಬಿಟ್ಟೇ ಅಂದರು. ಇಷ್ಟು ವರ್ಷದಲ್ಲಿ ಆ ಮಾತು ಆ ಕೋಣೆಯಲ್ಲಿ ಯಾರೂ ಕೇಳಿರಲಿಲ್ಲ.

ದಿಕ್ಕು ತಪ್ಪಿತು. ಮೂಲೆಯೊಂದಕ್ಕೆ ಹಣೆ ಬಡಿಯಿತು. ಕೊನೆಗೆ ಅಂಬೆಗಾಲಿಟ್ಟು ಹುಡುಕಿದಾಗ ಮೊದಲ ಮೆಟ್ಟಿಲು ಸಿಕ್ಕಿತು. ತೆವಳುತ್ತ ಹತ್ತಿ ಬಾಗಿಲ ಚಿಲಕಕ್ಕೆ ಕೈ ಹಾಕಿದವರು ಹಾವು ಮುಟ್ಟಿದಂತೆ ಹಿಂದೆಗೆದರು. ಬಾಗಿಲು ತೆರೆದರೆ ಗಾಳಿ ನುಗ್ಗುತ್ತದೆ. ಗಾಳಿ ನುಗ್ಗಿದರೆ ಮನೆಯೆಲ್ಲ ಭಗ್ಗೆನ್ನುತ್ತದೆ. ಎರಡೂ ಮುಷ್ಟಿ ಹಿಡಿದು ಬಾಗಿಲಿಗೆ ಗುದ್ದಿದರು.

"ಏಳೇ! ಎದ್ದು ಮನೆ ಬಿಟ್ಟು ಓಡೇ! ಮೊದಲು ಮೇನ್ ಆರಿಸು... ಬೇಡ, ಅದೂ ಬೇಡ, ಓಡು!"

ಎಷ್ಟು ಹೊತ್ತು ಗುದ್ದಿದರೋ! ಗಂಟಲು ಒಣಗಿತು, ಅಳು ಬಂತು. ಆಚೆ ಹೆಜ್ಜೆಯ ಸದ್ದು ಕೇಳಿದಾಗ ಭಯ ಇಮ್ಮಡಿಯಾಯಿತು. ಅವಳು ಓಡಿಹೋಗುತ್ತಿಲ್ಲ, ಓಡಿಬರುತ್ತಿದ್ದಾಳೆ.

"ತೆಗೀಬೇಡ! ನನ್ನಾಣೆ, ತೆಗೀಬೇಡ!"

ಗಂಡ ಆ ದನಿಯಲ್ಲಿ ಕೂಗಿದರೆ ಯಾವ ಹೆಂಡತಿ ಬಾಗಿಲು ತೆಗೆಯದೆ ಇರುತ್ತಾಳೆ? ಬಾಗಿಲು ತೆರೆಯಿತು. ತಣ್ಣನೆ ಗಾಳಿ ಮುಖಕ್ಕೆ ಬಡಿಯಿತು. ಮೇಷ್ಟ್ರು ತಡಕಾಡಿ ಆಕೆಯ ತೋಳು ಹಿಡಿದು ಹಿಂದಕ್ಕೆ ತಳ್ಳಿದರು.

"ಒಳಗೆ ಬರಬೇಡ! ದೀಪ ಎಲ್ಲಾ ಹೋಗಿ ಹಲಗೆ ಹತ್ತಿ ಉರೀತಿದೆ. ಕತ್ತಲಲ್ಲಿ ಎಡವೀಯ, ಟಾರ್ಚ್ ಹಾಕ್ಕೊಂಡು ಓಡು, ಹೋಗು!"

ಆಕೆ ಓಡಲಿಲ್ಲ. ಎರಡೂ ಕೈಯಲ್ಲಿ ಗಂಡನ ಮುಖ ಹಿಡಿದುಕೊಂಡರು.

"ಯಾವ ಕತ್ತಲೆ ರೀ? ಎಲ್ಲಾ ದೀಪಾನೂ ಉರೀತಾನೇ ಇದೆಯಲ್ಲಾ, ಈ ಬೆಳಕಿಗೆ ನನಗೇ ಕಣ್ಣು ಬಿಡೋಕಾಗ್ತಿಲ್ಲ!"